ಪೂಜೆಗಿಟ್ಟ ಸುತ್ತಿಗೆ

ನಮ್ಮಣ್ಣನಿಗೆ ಏನನ್ನು ಕಂಡರೂ ಬಡಿದು ನೋಡುವ ಚಾಳಿ. ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡುತ್ತಾರೆ, ತೆಂಗಿನಕಾಯಿಯನ್ನೂ ನೋಡುತ್ತಾರೆ. ಇವನು ಹೊಸ ಬಕೆಟ್ಟು, ಗ್ಯಾಸ್ ಸಿಲಿಂಡರು, ಬಾಗಿಲ ಚೌಕಟ್ಟು, ನೆಂಟರ ಮನೆಯ ಬೀರು ಯಾವುದನ್ನೂ ಬಿಡುವವನಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಕಾರಿನಲ್ಲಿ ಬಂದಿದ್ದಾಗ ಆ ಕಾರಿನ ಬಾಗಿಲನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ, "ಇದು ಒಂದ್ಸಲ ಎಲ್ಲೋ ಗುದ್ದಿರೋ ಗಾಡಿ" ಎಂದುಬಿಟ್ಟ. ಗುದ್ದಿತ್ತಂತೆ. ಆ ಸಂಬಂಧ ಕುದುರಲಿಲ್ಲ. ನಾನು ಮದುವೆಯಾಗದೆ ಉಳಿದದ್ದಕ್ಕೆ ಆ ಕುಟ್ಟಿದ್ದೇ ಕಾರಣ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ. ನಾನು ಆ ಕುಟ್ಟಿದ್ದಕ್ಕೆ ಋಣಿ ಎಂದರೆ ಅವಳಿಗೆ ಸಿಟ್ಟು ಬರುತ್ತದೆ.

ಅಣ್ಣನದು ರೈಲ್ವೆಯಲ್ಲಿ ಬೋಗಿ ಪರೀಕ್ಷೆ ಮಾಡುವ ಕೆಲಸ. ನಮ್ಮ ಗೌರಿಬಿದನೂರಿನಲ್ಲಿ ಅಂಥ ಯಾರ್ಡ್ ಇಲ್ಲ. ಬೈಕಿನಲ್ಲಿ ಹೋಗಿ ಬರಬಹುದಾದ ಇನ್ನೊಂದು ಊರಿನಲ್ಲಿದೆ, ಆ ಊರಿನ ಹೆಸರು ಇಲ್ಲಿ ಬೇಡ. ಪ್ಯಾಸೆಂಜರ್ ಗಾಡಿ ರಾತ್ರಿ ಅಲ್ಲಿ ತಂಗಿ ಬೆಳಿಗ್ಗೆ ಹೊರಡುತ್ತದೆ. ಹೊರಡುವ ಮುಂಚೆ ಇವರು ಬೋಗಿಗಳ ಎರಡೂ ಬದಿಯಲ್ಲಿ ಬಗ್ಗಿ ನಡೆಯುತ್ತ, ಉದ್ದ ಹಿಡಿಯ ಸುತ್ತಿಗೆಯಿಂದ ಚಕ್ರ, ಸ್ಪ್ರಿಂಗು, ಬ್ರೇಕಿನ ಪಿನ್ನು ಎಲ್ಲವನ್ನೂ ತಟ್ಟುತ್ತ ಹೋಗಬೇಕು. ಗಟ್ಟಿಯಾಗಿದ್ದರೆ ಒಳ್ಳೆಯ ನಾದ ಬರುತ್ತದೆ, ಸಡಿಲವಾಗಿದ್ದರೆ ಒಡಕು ಮಡಕೆಯ ಸದ್ದು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಮೇಲೆಲ್ಲ ಎಣ್ಣೆ, ಧೂಳು, ಬ್ರೇಕಿನ ಕಬ್ಬಿಣದ ಪುಡಿ ಮೆತ್ತಿಕೊಂಡಿರುತ್ತದೆ.

ಆ ಸುತ್ತಿಗೆಯ ತಲೆ ರೈಲ್ವೆಯದು, ಹಿಡಿ ಮಾತ್ರ ಅಣ್ಣನದು. ನಗರಗೆರೆಯಲ್ಲಿರುವ ನಮ್ಮ ತುಂಡು ಹೊಲದ ಬದುವಿನ ಮರದಿಂದ ತಾನೇ ಕೆತ್ತಿ ಹಾಕಿಕೊಂಡಿದ್ದ. ಹೀಗಾಗಿ ಅಮ್ಮನ ದೃಷ್ಟಿಯಲ್ಲಿ ಅದು ಸರ್ಕಾರದ ವಸ್ತುವೇ ಅಲ್ಲ, ನೇಗಿಲು ಕುಡುಗೋಲುಗಳ ಹಾಗೆ ಮನೆಯ ಆಯುಧ. ಮನೆಯ ಆಯುಧವೆಂದ ಮೇಲೆ ಅದಕ್ಕೆ ಆಯುಧಪೂಜೆ ಆಗಲೇಬೇಕು. ಪ್ರತಿ ವರ್ಷ ಮಹಾನವಮಿಯ ದಿನ ಅಣ್ಣ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದ.

ನಾನು ಯಲಹಂಕದ ಕಡೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ಪರೀಕ್ಷೆ ನಮ್ಮ ಕೆಲಸ. ದಿನಾ ಅದೇ ಪ್ಯಾಸೆಂಜರಿನಲ್ಲಿ ಹೋಗಿಬರುತ್ತಿದ್ದೆ. ಜೊತೆಗೆ ಅಲೀಪುರದಿಂದ ಬರುತ್ತಿದ್ದವರು ಅದೇ ಲ್ಯಾಬಿನ ಇನ್ನೊಬ್ಬ ಹೆಂಗಸು, ಅವರೂ ಟೆಕ್ನಿಷಿಯನ್. ನನಗಿಂತ ಸ್ವಲ್ಪ ದೊಡ್ಡವರು, ಎಲ್ಲರ ಬಾಯಲ್ಲೂ ಆಪಾ, ಅಂದರೆ ಅಕ್ಕ. ಲೇಡೀಸ್ ಬೋಗಿಯಲ್ಲಿ ಮೊದಲು ಹತ್ತಿದವರು ಇನ್ನೊಬ್ಬರಿಗೆ ಕರವಸ್ತ್ರ ಹಾಕಿ ಸೀಟು ಹಿಡಿಯುವುದು, ಬುತ್ತಿಯಲ್ಲಿ ಏನಿದೆ ಎಂದು ಹತ್ತಿದ ಕೂಡಲೇ ವಿಚಾರಿಸುವುದು, ಲ್ಯಾಬಿನ ದೊಡ್ಡ ಡಾಕ್ಟರನ್ನು ಇಳಿಯುವವರೆಗೂ ಬೈಯುವುದು ನಮ್ಮ ದಿನಚರಿ. ನನ್ನ ಬಾಯಿ ಸ್ವಲ್ಪ ಖಾರ. ಆಪಾ ಬೈದರೂ ಅದು ಹರಸಿದ ಹಾಗೆ ಕೇಳುತ್ತಿತ್ತು.

ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಮೊಹರಂ ಬಂದರೆ ಅಲೀಪುರದಲ್ಲಿ ಮನೆಮನೆಯೂ ಶೋಕದಲ್ಲಿರುತ್ತದೆ, ಆಪಾ ಊರು ಬಿಟ್ಟು ಬರುವ ಹಾಗಿಲ್ಲ. ಆ ದಿನಗಳ ಡ್ಯೂಟಿ ನನ್ನದು. ದಸರೆಯಲ್ಲಿ ನನ್ನ ಡ್ಯೂಟಿ ಆಪಾ ಮಾಡುತ್ತಿದ್ದರು. ಆಸ್ಪತ್ರೆಗೆ ಹಬ್ಬವೆಂದರೆ ರಜೆಯಿಲ್ಲವಲ್ಲ. "ನಿಮ್ಮ ಒಬ್ಬಟ್ಟು ಮಾತ್ರ ಮರೀಬೇಡಿ, ಮಾರನೇ ದಿನ ತಂದ್ರೂ ನಡೀತದೆ" ಎನ್ನುತ್ತಿದ್ದರು. ನಾನು ತರುತ್ತಿದ್ದೆ. ಮಾರನೆಯ ದಿನದ ಒಬ್ಬಟ್ಟೇ ರುಚಿ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು.

ಆ ವರ್ಷದ ಮಹಾನವಮಿಯೂ ಎಲ್ಲ ವರ್ಷದಂತೆಯೇ ನಡೆಯಿತು. ಊರಿನ ಆಟೋ, ಟ್ರ್ಯಾಕ್ಟರು, ಬಸ್ಸು, ಪೊಲೀಸ್ ಜೀಪು ಎಲ್ಲಕ್ಕೂ ಬಾಳೆಕಂದು. ರಸ್ತೆಯ ತುಂಬ ಒಡೆದ ಬೂದುಗುಂಬಳ. ಯಾವ ಅಂಗಡಿಗೆ ಹೋದರೂ ಕೈಗೆ ಪುರಿ-ಕಡಲೆಯ ಪೊಟ್ಟಣ. ಪ್ಯಾಸೆಂಜರ್ ಗಾಡಿಗೂ ಪಾಸಿನಲ್ಲಿ ದಿನಾ ಓಡಾಡುವವರು ಹೂವಿನ ಹಾರ ಹಾಕಿ, ಎಂಜಿನ್ನಿನ ಹಣೆಗೆ ವಿಭೂತಿ ಬಳಿದು, ನಿಂಬೆಹಣ್ಣು ಮಂತ್ರಿಸಿ ಚಕ್ರದ ಕೆಳಗಿಟ್ಟರು. ಗಾಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಹೊರಟಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಮನೆಯಲ್ಲಿ ಅಮ್ಮ ದೇವರ ಮುಂದೆ ಬಾಳೆಲೆ ಹಾಸಿ ಈಳಿಗೆಮಣೆ, ಕತ್ತರಿ, ಗುದ್ದಲಿ, ಮಿಕ್ಸಿಯ ಜಾರು ಎಲ್ಲ ಜೋಡಿಸಿದಳು. ನನಗೂ ಆಯುಧ ಕೇಳಿದಳು. ರಕ್ತ ಎಳೆಯುವ ಸಿರಿಂಜು ಕೊಟ್ಟೆ, ಅದಕ್ಕೂ ಕುಂಕುಮ ಇಟ್ಟಳು. ಎಲ್ಲದರ ನಡುವೆ, ಪಟ್ಟದ ಆನೆಯ ಹಾಗೆ, ಅಣ್ಣನ ಸುತ್ತಿಗೆ. ಅದರ ಕುತ್ತಿಗೆಗೆ ಸೇವಂತಿಗೆ ಸುತ್ತಿದ್ದಳು.

ನಮ್ಮ ಮನೆಯ ಪದ್ಧತಿ ಏನೆಂದರೆ, ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ತಲೆಗೆ ಸ್ನಾನ ಮಾಡಿ ಮರುಪೂಜೆ ಮಾಡಿ ಮಂಗಳಾರತಿ ಎತ್ತಿದ ಮೇಲೆಯೇ ತೆಗೆಯಬೇಕು. ಅಲ್ಲಿಯವರೆಗೆ ಅದಕ್ಕೆ ವಿಶ್ರಾಂತಿ. ತರಕಾರಿ ಕೂಡ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತಿದ್ದೆವು. ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅಣ್ಣನಿಗೆ ಪ್ರತಿ ವರ್ಷ ಅವತ್ತು ರಜೆ ಇರುತ್ತಿತ್ತು. ಆ ವರ್ಷ ರಜೆ ಸಿಗಲಿಲ್ಲ. ಬೆಳಗಿನ ಪಾಳಿ ಬಿತ್ತು.

ವಿಜಯದಶಮಿಯ ಬೆಳಿಗ್ಗೆ ನಡುಮನೆಯ ದೀಪ ಕಣ್ಣಿಗೆ ಹೊಡೆದು ನನಗೆ ಎಚ್ಚರವಾಯಿತು. ಅಣ್ಣ ಶೂ ಕೈಯಲ್ಲಿ ಹಿಡಿದು ದೇವರ ಮುಂದೆ ನಿಂತಿದ್ದ. ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಮುಟ್ಟಬೇಡ್ವೋ! ಇನ್ನೂ ಮರುಪೂಜೆ ಆಗಿಲ್ಲ."

"ಹೊತ್ತಾಯ್ತಮ್ಮ. ಈಗ್ಲೇ ಒಂದು ಕರ್ಪೂರ ಹಚ್ಚಿಬಿಡು, ಎತ್ಕೊಂಡು ಹೋಗ್ತೀನಿ."

"ತಲೆ ಮೇಲೆ ನೀರು ಬಿದ್ದಿಲ್ಲ, ಹೆಂಗಪ್ಪಾ ಹಚ್ಚಲಿ? ಪೂಜೆಗಿಟ್ಟಿದ್ದನ್ನ ಹಂಗೇ ಎತ್ತಿದ್ರೆ ವರ್ಷವೆಲ್ಲ ಕೈಗೆ ಪೆಟ್ಟು. ಇವತ್ತೊಂದಿನ ಕಣ್ಣಲ್ಲೇ ನೋಡ್ಕೊಂಡು ಬಿಡು ಗಾಡೀನ. ಇಷ್ಟು ವರ್ಷ ಸರ್ವಿಸ್ ಮಾಡಿದೀಯ, ಕಣ್ಣಿಗೆ ಕಾಣಲ್ವಾ?"

"ಕಾಣಲ್ಲಮ್ಮ."

"ಯಾರ್ಡಲ್ಲಿ ಬೇರೆ ಇರಲ್ವಾ?"

"ಇರ್ತವೆ" ಎಂದ ಅಣ್ಣ. ನಾನು ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ಆಮೇಲೆ ಬೈಕು ಹೊರಟ ಸದ್ದು ಕೇಳಿಸಿತು.

ಯಾರ್ಡಿನಲ್ಲಿ ಬೇರೆ ಸುತ್ತಿಗೆಗಳೇನೋ ಇದ್ದವು. ಆದರೆ ಅವೂ ಅಲ್ಲಿನ ಶೆಡ್ಡಿನಲ್ಲಿ ಹೂ ಮುಡಿದು ಬಾಳೆಕಂದಿನ ಕೆಳಗೆ ಕೂತಿದ್ದವು, ಮತ್ತು ಅಲ್ಲಿ ಮರುಪೂಜೆ ಮಾಡುವವರು ಬರುವುದು ಬಿಸಿಲೇರಿದ ಮೇಲೆ. ಅವತ್ತು ಗಾಡಿಯನ್ನು ಅಣ್ಣನೂ ಇನ್ನೊಬ್ಬನೂ ಬ್ಯಾಟರಿ ಬಿಟ್ಟುಕೊಂಡು ಕಣ್ಣಲ್ಲೇ ನೋಡಿ ಕಳಿಸಿದರು. ಹಬ್ಬದ ದಿನ ಹೀಗೆ ಕಣ್ಣಲ್ಲೇ ನೋಡುವುದು ಅಲ್ಲಿ ಹೊಸದಲ್ಲವಂತೆ. ಅವರೆಲ್ಲ ಕೆಟ್ಟವರಲ್ಲ. ಯಾವತ್ತೂ ಏನೂ ಆಗಿರಲಿಲ್ಲ, ಅಷ್ಟೇ.

ಲೇಡೀಸ್ ಬೋಗಿಯ ಕೆಳಗೆ ಬ್ರೇಕಿನ ಅಡ್ಡತೊಲೆಯನ್ನು ಹಿಡಿದಿದ್ದ ಒಂದು ಪಿನ್ನು ಸವೆದು ಸಡಿಲವಾಗಿತ್ತು. ಗಾಡಿ ನಮ್ಮೂರಿನಲ್ಲಿ ನಿಂತು, ಜನ ಹತ್ತಿಸಿಕೊಂಡು, ಹಾರದ ಒಣಗಿದ ಹೂ ಉದುರಿಸಿಕೊಂಡು ಹೊರಟಿತು. ಮುಂದೆ ಒಂದು ಸಣ್ಣ ನಿಲ್ದಾಣ ಹತ್ತಿರವಾಗಿ ಡ್ರೈವರ್ ಬ್ರೇಕ್ ಹಾಕಿದಾಗ ಆ ಪಿನ್ನು ಕಳಚಿತು. ತೊಲೆ ಜೋತುಬಿದ್ದು ಚಕ್ರಕ್ಕೆ ಸಿಕ್ಕಿ, ಬೋಗಿಯ ಹಿಂಭಾಗ ಹಳಿಯಿಂದ ಇಳಿಯಿತು. ಗಾಡಿಯ ವೇಗ ಇಳಿದಿದ್ದರಿಂದ ಬೋಗಿ ಮಗುಚಲಿಲ್ಲ, ಒಂದು ಕಡೆಗೆ ವಾಲಿ ನಿಂತಿತು. ಒಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಯಾರೂ ಸಾಯಲಿಲ್ಲ. ಕೈಕಾಲು ತರಚಿದವರು, ಹಲ್ಲು ಮುರಿದವರು ಇದ್ದರು. ಆಪಾ ಬುತ್ತಿಯ ಚೀಲ ತೆಗೆಯಲು ಎದ್ದು ನಿಂತಿದ್ದರಂತೆ. ಬಿದ್ದ ರಭಸಕ್ಕೆ ಸೀಟಿನ ಅಂಚು ತಗುಲಿ ಸೊಂಟದ ಮೂಳೆ ಮುರಿಯಿತು.

ನಮ್ಮ ಮನೆಯಲ್ಲಿ ಆಗ ಮರುಪೂಜೆ ಮುಗಿದಿತ್ತು. ಅಣ್ಣ ಬಂದಕೂಡಲೇ ಕಣ್ಣಿಗೆ ಬೀಳಲಿ ಎಂದು ಅಮ್ಮ ಸುತ್ತಿಗೆಯನ್ನು ಬಾಗಿಲ ಪಕ್ಕ ಒರಗಿಸಿಟ್ಟಿದ್ದಳು. ನಾನು ಬೆಲ್ಲ ಕುಟ್ಟುತ್ತಿದ್ದೆ. ಅಣ್ಣನ ಫೋನು ಬಂತು. ಅವನು ಯಾವತ್ತೂ ಡ್ಯೂಟಿಯ ಮೇಲೆ ಫೋನು ಮಾಡುವವನಲ್ಲ.

"ಇವತ್ತು ನಿನ್ನ ಬದಲು ಆಪಾ ತಾನೇ ಹೋಗಿರೋದು?"

"ಹೂಂ, ಯಾಕಣ್ಣ?"

"ಲೇಡೀಸ್ ಬೋಗೀಲೇ ಹತ್ತಿರ್ತಾರೆ ಅಲ್ವಾ?"

"ಇನ್ನೆಲ್ಲಿ ಹತ್ತುತ್ತಾರೆ? ಯಾಕೆ?"

ಫೋನಿನಲ್ಲಿ ಯಾರೋ ಕೂಗಾಡುವ ಸದ್ದು ಬರುತ್ತಿತ್ತು. "ನಾನು ತಟ್ಟಲಿಲ್ಲ ಕಣೇ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನನಗೆ ಆ ಮಾತು ಆಗ ಅರ್ಥವಾಗಲಿಲ್ಲ. ಟಿವಿ ಹಾಕಿದ ಮೇಲೆ ಅರ್ಥವಾಯಿತು. ಅಮ್ಮ ನೋಡದಿರುವಾಗ ಬಾಗಿಲ ಪಕ್ಕದ ಸುತ್ತಿಗೆಯನ್ನು ಮಂಚದ ಕೆಳಕ್ಕೆ ತಳ್ಳಿದೆ.

ಆಪಾರನ್ನು ನಮ್ಮ ಆಸ್ಪತ್ರೆಗೇ ತಂದರು. ಆಪರೇಷನ್ನಿಗೆ ಮುಂಚಿನ ರಕ್ತದ ಸ್ಯಾಂಪಲ್ ನಮ್ಮ ಲ್ಯಾಬಿಗೇ ಬಂತು. ಆಪಾ ಕೂರುವ ಸ್ಟೂಲು ಪಕ್ಕದಲ್ಲಿ ಖಾಲಿ. ನಾನೊಬ್ಬಳೇ ಕೂತು ಅವರ ರಕ್ತ ಪರೀಕ್ಷೆ ಮಾಡಿದೆ. ಅಷ್ಟು ವರ್ಷದಲ್ಲಿ ಸ್ಯಾಂಪಲ್ ಹಿಡಿದು ಅತ್ತದ್ದು ಅದೇ ಮೊದಲು. ನನ್ನ ಜಾಗದಲ್ಲಿ ಬಿದ್ದವರು ಅವರು. ಇದರಲ್ಲಿ ನನ್ನ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಇಲ್ಲವೆಂದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ.

ವಾರ್ಡಿಗೆ ಹೋದಾಗ ಆಪಾ ಕೇಳಿದರು, "ನಿಮ್ಮಣ್ಣ ರೈಲ್ವೇಲಿ ಅಲ್ವಾ? ಏನಾಗಿತ್ತಂತೆ ಗಾಡಿಗೆ?"

"ಯಾವುದೋ ಪಿನ್ನಂತೆ ಆಪಾ."

"ಒಂದು ಪಿನ್ನಾ? ಯಾ ಅಲ್ಲಾ" ಎಂದು ಕಣ್ಣು ಮುಚ್ಚಿಕೊಂಡರು. ಸುತ್ತಿಗೆಯ ಮಾತು ಎತ್ತದೆ ನಾನು ಅವರ ಹೊದಿಕೆ ಸರಿಪಡಿಸಿದೆ.

ಇತ್ತ ಮನೆಯಲ್ಲಿ ಅಮ್ಮನ ವರಸೆಯೇ ಬೇರೆ. ಬೀದಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ಗಾಡೀಗೆ ಹಾರ ಹಾಕಿದ್ರು, ನಿಂಬೆಹಣ್ಣು ಇಟ್ಟಿದ್ರು. ನಮ್ಮ ಮನೇಲೂ ಸುತ್ತಿಗೆಗೆ ಪೂಜೆ ಆಗಿತ್ತು. ಅದಕ್ಕೇ ನೋಡಿ, ಒಂದು ಜೀವಾನೂ ಹೋಗಲಿಲ್ಲ. ದೇವುಡಾ, ತಲೆಗೆ ಬಂದಿದ್ದು ತಲೆಪಾಗಿಗೆ ಹೋಯ್ತು" ಎಂದು ಕೈ ಮುಗಿಯುತ್ತಿದ್ದಳು. ಕೇಳಿದವರೂ ಹೌದು ಹೌದು ಎನ್ನುತ್ತಿದ್ದರು. ಅಣ್ಣ ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಅವನನ್ನು ಸಸ್ಪೆಂಡ್ ಮಾಡಿದ್ದರು. ಇಡೀ ಪಾಳಿಯವರನ್ನು ಹಾಗೆ ಮಾಡುವುದು ರೂಢಿ ಎಂದು ಅಮ್ಮನಿಗೆ ಹೇಳಿ ನಂಬಿಸಿದ್ದೆವು. ಅವಳಿಗೆ ಬಿ.ಪಿ., ಸಕ್ಕರೆ ಎರಡೂ ಇವೆ; ನಿಜ ಹೇಳುವುದು ಬೇಡ ಎಂದು ಅತ್ತಿಗೆಯೂ ನಾನೂ ತೀರ್ಮಾನಿಸಿದ್ದೆವು.

ಈಗ ವಿಚಾರಣೆಯ ಮಾತು. ಅಣ್ಣನಿಗೆ ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಆ ಪಿನ್ನನ್ನು ತಟ್ಟಿ ನೋಡಿದ್ದೆಯಾ? ತಟ್ಟಿದ್ದೆ, ಸರಿಯಾಗಿತ್ತು, ದಾರಿಯಲ್ಲಿ ಸಡಿಲವಾಗಿರಬೇಕು ಎಂದರೆ ಕೆಲಸ ಉಳಿಯುತ್ತದೆ, ಅಲ್ಲ ಎಂದು ಸಾಧಿಸಲು ಯಾರಿಂದಲೂ ಆಗುವುದಿಲ್ಲ ಎಂದು ಅವನ ಜೊತೆಯವರು ಹೇಳಿಕೊಟ್ಟರು. ಅತ್ತಿಗೆ ಅದನ್ನೇ ಹೇಳಿದಳು. ಅವಳ ಮಗಳು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಓದುತ್ತಿದ್ದಳು. ನಾನೂ ಅದನ್ನೇ ಹೇಳಿದೆ. ಹೇಳಿದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಅವನು ನಮ್ಮ ಮನೆಯ ಆಧಾರ. ಅಲ್ಲದೆ ತಟ್ಟಲಿಲ್ಲ ಎಂದರೆ, ಯಾಕೆ ತಟ್ಟಲಿಲ್ಲ ಎಂದು ಕೇಳುತ್ತಾರೆ. ಸುತ್ತಿಗೆ ಎಲ್ಲಿತ್ತು ಎಂದು ಕೇಳುತ್ತಾರೆ. ಆ ಉತ್ತರ ಗೌರಿಬಿದನೂರಿನ ಸಂತೆಗೆ ಬಂದು, ಅಲ್ಲಿಂದ ನಮ್ಮ ಬೀದಿಗೆ ಬಂದು, ಅಮ್ಮನ ಕಿವಿಗೆ ಬೀಳದೆ ಇರುತ್ತದೆಯೇ?

ಅಣ್ಣ ಏನು ಹೇಳಿದ ಎಂಬುದನ್ನು ಎಳೆದಾಡದೆ ಹೇಳಿಬಿಡುತ್ತೇನೆ. ತಟ್ಟಲಿಲ್ಲ ಎಂದೇ ಹೇಳಿದ. ಕೆಲಸ ಹೋಗಲಿಲ್ಲ, ಗಾಡಿ ನೋಡುವ ಕೆಲಸದಿಂದ ತೆಗೆದು, ದರ್ಜೆ ಇಳಿಸಿ, ಸಾಮಾನು ಕೋಣೆಗೆ ಹಾಕಿದರು. ಆ ಯಾರ್ಡಿನಲ್ಲಿ ಈಗ ಆಯುಧಪೂಜೆಗೆ ಎಲ್ಲ ಸುತ್ತಿಗೆ ಇಡುವುದಿಲ್ಲ, ಕೆಲಸಕ್ಕೆ ಬೇಕಾದಷ್ಟು ಹೊರಗೆ ಉಳಿಸಿಕೊಳ್ಳುತ್ತಾರಂತೆ. ಅಷ್ಟು ಸಣ್ಣ ವಿಷಯ ಮೊದಲೇ ಯಾರಿಗೂ ಹೊಳೆಯದೆ ಹೋಯಿತಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆಪಾ ಕೋಲು ಹಿಡಿದು ನಡೆಯುತ್ತಾರೆ. ಲ್ಯಾಬಿಗೆ ಮತ್ತೆ ಬರಲಾಗಲಿಲ್ಲ.

ಆದರೆ ನಾನು ಬರೆಯಬೇಕೆಂದು ಕೂತದ್ದು ವಿಚಾರಣೆಯ ಹಿಂದಿನ ಸಂಜೆಯ ಸಂಗತಿ. ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಮೊರ ಎಳೆದುಕೊಂಡು ಕೂತಿದ್ದೆ. ಅಣ್ಣ ಹಿತ್ತಲಿನಿಂದ ಬಂದು ಅವಳ ಎದುರು ನೆಲದ ಮೇಲೆ ಕೂತ. ಅವನ ಮುಖ ನೋಡಿಯೇ ನನಗೆ ತಿಳಿಯಿತು. ಬೇಡ ಎಂದು ಕಣ್ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲಿಲ್ಲ.

"ಅಮ್ಮ, ಅವತ್ತು ಆ ಗಾಡಿ ನೋಡಿ ಬಿಟ್ಟಿದ್ದು ನಾನೇ. ಸುತ್ತಿಗೆ ಇರಲಿಲ್ಲ. ತಟ್ಟಿದ್ರೆ ಆ ಪಿನ್ನು ಸಿಕ್ಕಿರೋದು. ನಾಳೆ ಇದನ್ನೇ ಹೇಳ್ತೀನಿ. ಬೇರೆಯವರ ಬಾಯಿಂದ ನಿಂಗೆ ಗೊತ್ತಾಗೋದು ಬೇಡ."

ಅಮ್ಮನ ಕೈ ನಿಂತಿತು. ಕಾಯಿಯೊಂದನ್ನು ಅರ್ಧ ಬಿಡಿಸಿ ಹಿಡಿದುಕೊಂಡೇ ಇದ್ದಳು. ಅವಳಿಗೆ ಏನಾದರೂ ಆದೀತೆಂದು ನಾನು ನೀರು ತರಲು ಎದ್ದೆ.

"ಕೂತ್ಕೊಳ್ಳೇ" ಎಂದಳು. ಆಮೇಲೆ ಅಣ್ಣನಿಗೆ, "ಎತ್ಕೊಂಡು ಹೋಗಬಾರದಿತ್ತೇನೋ? ಏನ್ ಮಾಡ್ತಿದ್ದೆ ನಾನು? ಎರಡು ದಿನ ಗೊಣಗ್ತಿದ್ದೆ. ಅಷ್ಟೇ ತಾನೇ?"

"ನಿನ್ನ ಭಯಕ್ಕಲ್ಲಮ್ಮ. ಹೂವಿಟ್ಟಿದ್ದೆಯಲ್ಲ, ನಂಗೇ ಎತ್ತಕ್ಕೆ ಮನಸ್ಸು ಬರಲಿಲ್ಲ."

ಅದು ನಿಜವೋ, ಅಮ್ಮನ ಭಾರ ಇಳಿಸಲು ಆಡಿದ ಮಾತೋ ನನಗೆ ಗೊತ್ತಿಲ್ಲ. ಅವನೂ ದೇವರಿಗೆ ಹೆದರುವವನೇ. ಅಮ್ಮ ಅದನ್ನು ನಂಬಿದಳೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಅಳಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಮಡಿಲಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಸುರಿದು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೀನು ಡ್ಯೂಟಿಗೆ ಹೋಗಿದ್ದಾಗ ಒಂದಿನ ನಾನೊಬ್ಬಳೇ ಆಪಾನ ನೋಡಕ್ಕೆ ಹೋಗಿದ್ದೆ ಕಣೇ, ಅಲೀಪುರಕ್ಕೆ. ಹಣ್ಣು ತಗೊಂಡು."

ಇದು ನನಗೆ ಗೊತ್ತಿರಲಿಲ್ಲ. ಆಪಾ ಕೂಡ ಹೇಳಿರಲಿಲ್ಲ.

"ಅವಳ ಮಂಚದ ಮೇಲೆ ಕೂತ್ಕೊಂಡು ಹೇಳಿಬಂದಿದೀನಿ. ನಮ್ಮ ಮನೆ ಪೂಜೆಯಿಂದಾನೇ ನೀನು ಉಳ್ಕೊಂಡೆ ಕಣಮ್ಮ ಅಂತ. ಆ ಮಗಳು ಮಲಗಿದ್ದಲ್ಲಿಂದಾನೇ ನನ್ನ ಕೈ ಹಿಡ್ಕೊಂಡು, ಹೌದಮ್ಮ, ನಿಮ್ಮ ಆಶೀರ್ವಾದ ಅಂದಳು."

ಎದ್ದು ನಿಲ್ಲಲು ಅಮ್ಮ ಗೋಡೆ ಹಿಡಿದಳು. ಅಣ್ಣ ತೋಳು ಕೊಡಲು ಹೋದರೆ ಬೇಡವೆಂದು ಕೈಯಾಡಿಸಿದಳು.

"ನಾಳೆ ನೀನು ಆ ಸಾಹೇಬರ ಹತ್ರ ಹೇಳೋಕ್ಮುಂಚೆ ನನ್ನ ಅಲೀಪುರಕ್ಕೆ ಬಿಟ್ಟು ಹೋಗಪ್ಪ. ಅವಳಿಗೆ ನಾನು ಹೇಳ್ತೀನಿ."